ಮೇಷ್ಟ್ರಿಗೆ ಪುಸ್ತಕ ಓದಿದ್ದು ಯಾರಿಗಾಗಿ?

ಕೆಲವು ವರ್ಷಗಳ ಹಿಂದೆ ನಾನು ಪ್ರತಿ ಭಾನುವಾರ ಒಬ್ಬ ನಿವೃತ್ತ ಮೇಷ್ಟ್ರ ಮನೆಗೆ ಹೋಗುತ್ತಿದ್ದೆ. ಅವರಿಗೆ ಕಣ್ಣು ಹೆಚ್ಚುಕಮ್ಮಿ ಹೋಗಿಯೇ ಬಿಟ್ಟಿತ್ತು. ಓದುವ ಹುಚ್ಚು ಮಾತ್ರ ಹೋಗಿರಲಿಲ್ಲ. ನಾನು ಎರಡು ಗಂಟೆ ಪುಸ್ತಕ ಓದಿ ಹೇಳುತ್ತಿದ್ದೆ, ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ದುಡ್ಡಿನ ಮಾತಿಲ್ಲ. ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ನನ್ನ ಲೆಕ್ಕದಲ್ಲಿ ಅದು ಅಪ್ಪಟ ನಿಃಸ್ವಾರ್ಥ ಕೆಲಸ.

ಒಂದು ಭಾನುವಾರ ಹೋದಾಗ ಬಾಗಿಲಲ್ಲೇ ಇನ್ಯಾರದೋ ದನಿ ಕೇಳಿಸಿತು. ಪಕ್ಕದ ಮನೆಗೆ ಹೊಸದಾಗಿ ಬಂದಿದ್ದ ಹುಡುಗಿ ಓದುತ್ತಿದ್ದಳು. ಚೆನ್ನಾಗಿ ಓದುತ್ತಿದ್ದಳು. ನನಗಿಂತ ಚೆನ್ನಾಗಿ. ಮೇಷ್ಟ್ರು ಜೋರಾಗಿ ನಗುತ್ತಿದ್ದರು. ನಾನು ಓದುವಾಗ ಅವರು ಹಾಗೆ ನಕ್ಕಿದ್ದು ನೆನಪಿಲ್ಲ. ನನಗೆ ಖುಷಿಯಾಗಬೇಕಿತ್ತು, ಅಲ್ವಾ? ಆಗಲಿಲ್ಲ. ಹೊಟ್ಟೆಯೊಳಗೆ ಸಣ್ಣಗೆ ಉರಿಯಿತು.

ಮೇಷ್ಟ್ರಿಗೆ ಬೇಕಾಗಿದ್ದು ಸಿಕ್ಕಿತ್ತು. ನನಗೂ ಬೇಕಾಗಿದ್ದು ಅದೊಂದೇ ಆಗಿದ್ದರೆ ಸುಮ್ನೆ ಒಳಗೆ ಹೋಗಿ ಕೂತು ಕೇಳಬಹುದಿತ್ತು. ಹಾಗಾದರೆ ನನಗೆ ಇನ್ನೇನೋ ಬೇಕಿತ್ತು. ಇದನ್ನು ಒಬ್ಬ ಗೆಳೆಯನಿಗೆ ಹೇಳಿದೆ. ಅವನು ಕೂಡಲೇ, "ಅದಕ್ಕೇ ಹೇಳೋದು, ನಿಃಸ್ವಾರ್ಥ ಅನ್ನೋದೇ ಇಲ್ಲ. ಎಲ್ಲರೂ ಎಲ್ಲ ಮಾಡೋದು ತಮಗೋಸ್ಕರವೇ" ಅಂದ.

ಈ ಮಾತನ್ನು ನೀವೂ ಕೇಳಿರುತ್ತೀರಿ. ಕೆಲವರು ಹೇಳಿಯೂ ಇರುತ್ತೀರಿ. ದಾನ ಮಾಡಿದವನಿಗೆ ಹೆಸರು ಬೇಕು. ಹೆಸರು ಬೇಡ ಅಂದವನಿಗೆ ಪುಣ್ಯ ಬೇಕು. ಪುಣ್ಯವನ್ನೂ ನಂಬದವನಿಗೆ ರಾತ್ರಿ ಒಳ್ಳೆ ನಿದ್ದೆ ಬೇಕು. ಯಾವ ದಾರಿ ಹಿಡಿದರೂ ಕೊನೆಗೆ ಅಲ್ಲಿ 'ನಾನು' ಕೂತಿರುತ್ತೇನೆ. ಕೇಳುವುದಕ್ಕೆ ಬಹಳ ಬುದ್ಧಿವಂತಿಕೆಯ ಮಾತು. ಒಂದಷ್ಟು ವರ್ಷ ನಾನೂ ಇದನ್ನು ನಂಬಿದ್ದೆ. ಈಗ ನಂಬುವುದಿಲ್ಲ. ಆದರೆ ಆ ಹೊಟ್ಟೆಯುರಿಯನ್ನೂ ನಾನು ಅಲ್ಲಗಳೆಯುವುದಿಲ್ಲ. ಇವೆರಡೂ ಒಟ್ಟಿಗೆ ಹೇಗೆ ನಿಲ್ಲುತ್ತವೆ ಅನ್ನುವುದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಗೆಳೆಯನ ವಾದ ಹೊಸದಲ್ಲ. 17ನೇ ಶತಮಾನದ ಇಂಗ್ಲೆಂಡಿನ ತತ್ತ್ವಶಾಸ್ತ್ರಜ್ಞ ಥಾಮಸ್ ಹಾಬ್ಸ್ ಹೆಸರು ಈ ವಾದಕ್ಕೆ ಅಂಟಿಕೊಂಡುಬಿಟ್ಟಿದೆ. ಮನುಷ್ಯ ಮೂಲದಲ್ಲಿ ತನ್ನನ್ನು ಕಾಪಾಡಿಕೊಳ್ಳುವ ಪ್ರಾಣಿ ಎಂದು ಬರೆದವನು ಅವನು. ಅವನ ಬಗ್ಗೆ ಅವನ ಗೆಳೆಯ ಜಾನ್ ಆಬ್ರೆ ಒಂದು ಪ್ರಸಂಗ ಬರೆದಿಟ್ಟಿದ್ದಾನೆ. ಲಂಡನ್ನಿನ ಬೀದಿಯಲ್ಲಿ ಒಬ್ಬ ಬಡ ಮುದುಕ ಕೈಚಾಚಿದಾಗ ಹಾಬ್ಸ್ ಆರು ಪೆನ್ಸ್ ಕೊಟ್ಟ. ಅಲ್ಲೇ ಇದ್ದ ಪಾದ್ರಿಯೊಬ್ಬ, "ಕ್ರಿಸ್ತನ ಅಪ್ಪಣೆ ಇಲ್ಲದಿದ್ದರೂ ಕೊಡುತ್ತಿದ್ದೆಯಾ?" ಎಂದು ಕೆಣಕಿದ. "ಕೊಡುತ್ತಿದ್ದೆ" ಎಂದ ಹಾಬ್ಸ್. ಯಾಕೆ ಅಂದರೆ ಆ ಮುದುಕನ ಸ್ಥಿತಿ ನೋಡಿ ತನಗೆ ಸಂಕಟವಾಗುತ್ತಿತ್ತು, ಕೊಟ್ಟಿದ್ದರಿಂದ ಅವನಿಗೂ ಹಗುರವಾಯಿತು, ತನಗೂ ಹಗುರವಾಯಿತು, ಅಷ್ಟೇ ಅಂದ.

ಈ ಕಥೆಯನ್ನು ಸಾಮಾನ್ಯವಾಗಿ 'ನೋಡಿ, ಕೊಟ್ಟಿದ್ದು ತನ್ನ ಸಂಕಟ ಕಳೆದುಕೊಳ್ಳಲು' ಎಂದು ತೋರಿಸಲು ಹೇಳುತ್ತಾರೆ. ನನಗೆ ಇದರಲ್ಲಿ ಬೇರೆಯದೇ ಪ್ರಶ್ನೆ ಕಾಣುತ್ತದೆ. ಬೀದಿಯಲ್ಲಿ ಯಾರೋ ಮುದುಕ ಕಷ್ಟದಲ್ಲಿದ್ದರೆ ಹಾಬ್ಸ್‌ಗೆ ಯಾಕೆ ಸಂಕಟವಾಗಬೇಕು? ಪೂರ್ತಿ ಸ್ವಾರ್ಥಿಯಾದವನಿಗೆ ಅದು ಕಣ್ಣಿಗೇ ಬೀಳಬಾರದು. ಸಂಕಟ ಆಗಬೇಕಾದರೆ ಮೊದಲೇ ಆ ಮುದುಕನ ಮೇಲೆ ಚೂರಾದರೂ ಮನಸ್ಸು ಹೋಗಿರಬೇಕು. ಖುಷಿಯ ಕಥೆಯೂ ಅಷ್ಟೇ. 'ನಿನಗೆ ಖುಷಿ ಸಿಕ್ಕಿತಲ್ಲ, ಅದಕ್ಕೇ ಮಾಡಿದೆ' ಅನ್ನುತ್ತಾರೆ. ಸರಿ, ಆದರೆ ಅವರು ಚೆನ್ನಾಗಿರಲಿ ಎಂಬ ಆಸೆಯೇ ನನಗಿಲ್ಲದಿದ್ದರೆ ಅವರು ಚೆನ್ನಾಗಾದಾಗ ನನಗೆ ಖುಷಿ ಎಲ್ಲಿಂದ ಬರುತ್ತದೆ? ಆಸೆ ಮೊದಲು, ಖುಷಿ ಆಮೇಲೆ. ಜೋಸೆಫ್ ಬಟ್ಲರ್ ಎಂಬ ಪಾದ್ರಿ 1726ರಲ್ಲಿ ಅಚ್ಚಾದ ತನ್ನ ಉಪದೇಶಗಳಲ್ಲಿ ಹಾಬ್ಸ್‌ಗೆ ಉತ್ತರವಾಗಿ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ.

ಇನ್ನೂ ಸುಲಭವಾಗಿ ಹೇಳುತ್ತೇನೆ. ಬಸ್ಸು ಹೊರಟುಬಿಟ್ಟಿದೆ, ನೀವು ಓಡಿ ಹಿಡಿಯುತ್ತೀರಿ. ಮೈಯೆಲ್ಲ ಬೆವರು. ಪ್ರತಿ ಸಲ ಓಡಿದಾಗಲೂ ಬೆವರು ಬಂದೇ ಬರುತ್ತದೆ. ಹಾಗಂತ ನೀವು ಓಡಿದ್ದು ಬೆವರುವುದಕ್ಕೆ ಎಂದು ಯಾರಾದರೂ ಹೇಳುತ್ತಾರಾ? ಒಂದು ಕೆಲಸದ ಜೊತೆ ತಪ್ಪದೆ ಬರುವುದೆಲ್ಲ ಆ ಕೆಲಸದ ಗುರಿಯಲ್ಲ.

ಇಲ್ಲಿ ಗೆಳೆಯ ಇನ್ನೊಂದು ಪಟ್ಟು ಹಾಕುತ್ತಾನೆ. "ಆದರೂ ಮಾಡಿದ್ದು ನಿನ್ನ ಇಷ್ಟದಿಂದ ತಾನೇ?" ಹೌದು, ನನ್ನ ಇಷ್ಟವೇ. ಪಕ್ಕದವರ ಇಷ್ಟದಿಂದ ನನ್ನ ಕೈ ಆಡುವುದಿಲ್ಲವಲ್ಲ. ಇಷ್ಟ ಯಾರದ್ದು ಎಂಬುದು ಒಂದು ಪ್ರಶ್ನೆ. ಏನಾಗಲಿ ಎಂದು ಇಷ್ಟಪಟ್ಟೆ ಎಂಬುದು ಇನ್ನೊಂದು. ಮಗುವಿನ ಊಟ ಕಿತ್ತು ತಿಂದವನೂ ತನ್ನ ಇಷ್ಟದಿಂದ ತಿಂದ, ತನ್ನ ಊಟವನ್ನು ಮಗುವಿಗೆ ಕೊಟ್ಟವನೂ ತನ್ನ ಇಷ್ಟದಿಂದ ಕೊಟ್ಟ. ಇಬ್ಬರನ್ನೂ 'ಸ್ವಾರ್ಥಿ' ಎಂದು ಕರೆದರೆ ಆ ಪದಕ್ಕೆ ಮಾಡಲು ಕೆಲಸವೇ ಉಳಿಯುವುದಿಲ್ಲ.

ಈ ವಾದದಲ್ಲಿ ನನ್ನನ್ನು ಜಾಸ್ತಿ ಕಾಡುವುದು ಇನ್ನೊಂದು. ಇದನ್ನು ಸೋಲಿಸುವುದಕ್ಕೇ ಆಗುವುದಿಲ್ಲ. ಅಮೆರಿಕದಲ್ಲಿ 1904ರಿಂದ ಕಾರ್ನೆಗಿ ಹೀರೋ ಫಂಡ್ ಎಂಬ ಸಂಸ್ಥೆ ಇದೆ. ಗುರುತು ಪರಿಚಯ ಇಲ್ಲದವರನ್ನು ಉಳಿಸಲು ಬೆಂಕಿಗೆ, ನೀರಿಗೆ ಹಾರಿದವರಿಗೆ ಪದಕ ಕೊಡುತ್ತದೆ. ಅಂಥವರು ಆಮೇಲೆ ಹೇಳಿದ ಮಾತುಗಳನ್ನು ಸಂಶೋಧಕರು ಒಟ್ಟುಮಾಡಿ ನೋಡಿದ ಒಂದು ಅಧ್ಯಯನ 2014ರಲ್ಲಿ ಬಂತು. ಹೆಚ್ಚಿನವರ ಮಾತಿನ ಧಾಟಿ ಒಂದೇ. ಯೋಚನೆ ಮಾಡಲಿಲ್ಲ, ಹಾರಿಬಿಟ್ಟೆ. ಇದನ್ನು ಗೆಳೆಯನ ಮುಂದಿಟ್ಟರೆ, "ಒಳಮನಸ್ಸು ಲೆಕ್ಕ ಹಾಕಿರುತ್ತೆ ಬಿಡು" ಅನ್ನುತ್ತಾನೆ. ಹಾರಿ ಸತ್ತವನ ಬಗ್ಗೆ ಕೇಳಿದರೆ, ಹಾರದಿದ್ದರೆ ಜೀವನಪೂರ್ತಿ ಕೊರಗಬೇಕಿತ್ತಲ್ಲ, ಅದನ್ನು ತಪ್ಪಿಸಿಕೊಂಡ ಅನ್ನುತ್ತಾನೆ. ಏನಾದರೆ ನಿನ್ನ ಮಾತು ತಪ್ಪು ಎಂದು ಒಪ್ಪುತ್ತೀಯಾ ಎಂದರೆ ಉತ್ತರವಿಲ್ಲ. ಯಾವ ಬೀಗಕ್ಕೂ ಹೊಂದುವ ಬೀಗದ ಕೈ ಇದ್ದರೆ ಅದನ್ನು ಮಾಡಿದವನ ಮೇಲೆ ನನಗೆ ಅನುಮಾನ ಬರುತ್ತದೆ.

ಪದದ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನಾವು 'ನಿಃಸ್ವಾರ್ಥ' ಅನ್ನುತ್ತೇವೆ. ಸ್ವಾರ್ಥ ಇಲ್ಲದ್ದು. ಏನು ಇರಬಾರದು ಎಂದು ಹೇಳುವ ಪದ. ಹಾಲಿಗೆ ಒಂದು ಹನಿ ಹುಳಿ ಬಿದ್ದರೂ ಕೆಟ್ಟಿತು ಅನ್ನುವ ಹಾಗೆ, ಈ ಪದ ಹಿಡಿದು ಹೊರಟರೆ ಮನಸ್ಸಿನ ಮೂಲೆ ಮೂಲೆ ಗುಡಿಸಿ ಒಂದು ಚೂರು 'ನಾನು' ಸಿಕ್ಕರೂ ಎಲ್ಲ ಹಾಳು. ಆದರೆ 'ಪರೋಪಕಾರ' ಎಂಬ ಪದವೂ ನಮ್ಮ ಹತ್ತಿರ ಇದೆ. ಅದು ನೋಡುವುದು ಎದುರಿನವರ ಕಡೆ. ಅವರಿಗೆ ಉಪಕಾರ ಆಯಿತಾ? ಅದನ್ನು ಬಯಸಿ ಮಾಡಿದೆಯಾ? ಫ್ರಾನ್ಸಿನ ತತ್ತ್ವಶಾಸ್ತ್ರಜ್ಞ ಆಗಸ್ಟ್ ಕೋಂತ್ 19ನೇ ಶತಮಾನದ ನಡುವಿನಲ್ಲಿ 'ಆಲ್ಟ್ರುಯಿಸಂ' ಎಂಬ ಪದ ಹುಟ್ಟುಹಾಕಿದಾಗಲೂ 'ಇತರರ' ಎಂಬ ಅರ್ಥದ ಬೇರಿನಿಂದಲೇ ತೆಗೆದುಕೊಂಡ. ನನಗೆ ಅನ್ನಿಸುವುದು, ಈ ಚರ್ಚೆಯ ಅರ್ಧ ಗೋಜಲು ನಾವು ತಪ್ಪು ಪದ ಹಿಡಿದು ಕೂತಿದ್ದರಿಂದ ಬಂದದ್ದು.

ಇನ್ನು ಜೀವಶಾಸ್ತ್ರ. ವಿಜ್ಞಾನ ಓದಿದವರು ಇಲ್ಲಿ ಕೈಯೆತ್ತುತ್ತಾರೆ ಎಂದು ಗೊತ್ತು. ವಿಲಿಯಂ ಹ್ಯಾಮಿಲ್ಟನ್ ಎಂಬ ಜೀವವಿಜ್ಞಾನಿ 1964ರಲ್ಲಿ ಒಂದು ಲೆಕ್ಕ ಕೊಟ್ಟ. ನೆರವಿನಿಂದ ಇನ್ನೊಂದು ಜೀವಿಗೆ ಆಗುವ ಲಾಭವನ್ನು ರಕ್ತಸಂಬಂಧದ ಪ್ರಮಾಣದಿಂದ ಗುಣಿಸಿ. ಅದು ನೆರವು ಕೊಟ್ಟವನ ನಷ್ಟಕ್ಕಿಂತ ಜಾಸ್ತಿಯಾದರೆ ಅಂಥ ನಡವಳಿಕೆ ಪೀಳಿಗೆಯಿಂದ ಪೀಳಿಗೆಗೆ ಹರಡುತ್ತದೆ. ಅದಕ್ಕೂ ಮೊದಲೇ ಹಾಲ್ಡೇನ್ ಎಂಬ ವಿಜ್ಞಾನಿ ಇಬ್ಬರು ಅಣ್ಣತಮ್ಮಂದಿರಿಗೋ ಎಂಟು ಜನ ದಾಯಾದಿಗಳಿಗೋ ಪ್ರಾಣ ಕೊಡುತ್ತೇನೆ ಎಂದು ತಮಾಷೆ ಮಾಡಿದ್ದ ಎನ್ನುತ್ತಾರೆ. ಒಡಹುಟ್ಟಿದವರಲ್ಲಿ ನಮ್ಮ ಜೀನ್‌ಗಳ ಅರ್ಧ ಪಾಲು, ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳಲ್ಲಿ ಎಂಟನೇ ಒಂದು ಪಾಲು. ಲೆಕ್ಕ ಸರಿಹೋಯಿತಲ್ಲ.

ಇದರಿಂದ 'ಪ್ರೀತಿ ಎಲ್ಲ ಜೀನ್‌ಗಳ ಸ್ವಾರ್ಥ' ಎಂದು ತೀರ್ಮಾನಿಸುವವರು ಒಂದು ಮೆಟ್ಟಿಲು ತಪ್ಪುತ್ತಾರೆ. ಹಸಿವು ಯಾಕೆ ಹುಟ್ಟಿತು ಎಂದರೆ ದೇಹ ಉಳಿಯಲಿ ಎಂದು. ಆದರೆ ಹಸಿದವನಿಗೆ ಬೇಕಾಗಿರುವುದು ಅನ್ನ. ವಂಶ ಉಳಿಯಲಿ ಎಂದು ಯಾರೂ ತುತ್ತು ಎತ್ತುವುದಿಲ್ಲ. ಹಾಗೆಯೇ ತಾಯಿಯ ಪ್ರೀತಿ ವಿಕಾಸದಲ್ಲಿ ಯಾಕೆ ಉಳಿದುಕೊಂಡಿತು ಎಂಬುದು ಒಂದು. ರಾತ್ರಿ ಮೂರು ಗಂಟೆಗೆ ಜ್ವರದ ಮಗುವಿನ ಹಣೆ ಮುಟ್ಟಿ ನೋಡುವಾಗ ತಾಯಿಗೆ ಏನು ಬೇಕಾಗಿದೆ ಎಂಬುದು ಇನ್ನೊಂದು. ಅವಳಿಗೆ ಬೇಕಾಗಿರುವುದು ಮಗುವಿನ ಜ್ವರ ಇಳಿಯುವುದು.

ಈ ಗಣಿತದ ಜೊತೆ ಒಬ್ಬ ಮನುಷ್ಯನ ಕಥೆ ಅಂಟಿಕೊಂಡಿದೆ. ಹೇಳದೆ ಇರಲಾರೆ. ಜಾರ್ಜ್ ಪ್ರೈಸ್ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞ 1967ರಲ್ಲಿ ಲಂಡನ್ನಿಗೆ ಬಂದ. ಹ್ಯಾಮಿಲ್ಟನ್ನನ ಪ್ರಬಂಧ ಓದಿ, ಅದನ್ನೂ ಒಳಗೊಳ್ಳುವಷ್ಟು ದೊಡ್ಡದಾದ ಒಂದು ಸಮೀಕರಣ ಬರೆದ. 1970ರಲ್ಲಿ ಅದು ಪ್ರಕಟವಾಯಿತು. ಇವತ್ತಿಗೂ ಅದನ್ನು ಪ್ರೈಸ್ ಸಮೀಕರಣ ಎಂದೇ ಕರೆಯುತ್ತಾರೆ. ಒಳ್ಳೆಯತನ ಎಲ್ಲಿಂದ ಬಂತು ಎಂಬುದನ್ನು ಒಂದು ಸಾಲಿನ ಗಣಿತಕ್ಕೆ ಇಳಿಸಿದವನು ಅದೇ ವರ್ಷ ಕ್ರೈಸ್ತ ಧರ್ಮದ ಕಡೆ ತಿರುಗಿದ. ಆಮೇಲೆ ತನ್ನ ದುಡ್ಡು, ಬಟ್ಟೆ, ಸಾಮಾನು ಎಲ್ಲ ಮನೆಯಿಲ್ಲದವರಿಗೆ ಕೊಡುತ್ತ ಹೋದ. ಅವರನ್ನು ತನ್ನ ಮನೆಯಲ್ಲೇ ಇರಿಸಿಕೊಂಡ. ಕೊನೆಗೆ ತನಗೇ ನೆಲೆಯಿಲ್ಲದಂತಾಯಿತು. 1975ರ ಜನವರಿಯಲ್ಲಿ ತನ್ನ ಕೈಯಾರೆ ಪ್ರಾಣ ಬಿಟ್ಟ. ಅಂತ್ಯಕ್ರಿಯೆಗೆ ಬಂದವರಲ್ಲಿ ಹ್ಯಾಮಿಲ್ಟನ್ನೂ ಇದ್ದ, ಪ್ರೈಸ್ ನೆರವು ಕೊಟ್ಟಿದ್ದ ಮನೆಯಿಲ್ಲದ ಕೆಲವರೂ ಇದ್ದರು.

ತನ್ನ ಗಣಿತ ಸುಳ್ಳು ಎಂದು ತೋರಿಸಲು ಹೀಗೆ ಮಾಡಿದ ಎಂದು ಕೆಲವರು ಚೆಂದದ ಕಥೆ ಕಟ್ಟುತ್ತಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. ಅವನಿಗೆ ಆರೋಗ್ಯವೂ ಸರಿಯಿರಲಿಲ್ಲ, ಮನಸ್ಸೂ ಕುಸಿದಿತ್ತು. ಆದರೆ 'ಸ್ವಲ್ಪವೂ ಸ್ವಾರ್ಥ ಇರಬಾರದು' ಎಂಬ ಅಳತೆಗೋಲನ್ನು ಒಬ್ಬ ಮನುಷ್ಯ ತನ್ನ ಮೇಲೆ ತಾನೇ ಇಟ್ಟುಕೊಂಡರೆ ಏನಾಗಬಹುದು ಎಂದು ಯೋಚಿಸುವಾಗೆಲ್ಲ ನನಗೆ ಅವನೇ ನೆನಪಾಗುತ್ತಾನೆ.

ಸರಿ. ವಾದ ಬಿಟ್ಟು ಪರೀಕ್ಷೆ ಮಾಡಿ ನೋಡಬಹುದಾ? ನಿಜವಾಗಿ ಇನ್ನೊಬ್ಬರಿಗಾಗಿ ಮಾಡಿದ್ದು ಯಾವುದು, ತನ್ನ ಸಂಕಟ ಕಳೆದುಕೊಳ್ಳಲು ಮಾಡಿದ್ದು ಯಾವುದು, ಬೇರೆ ಮಾಡಲು ಆಗುತ್ತದಾ? ಡೇನಿಯಲ್ ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞ ಹೆಚ್ಚುಕಡಿಮೆ ಬದುಕಿಡೀ ಇದನ್ನೇ ಮಾಡಿದ. 1981ರ ಅವನ ಪ್ರಯೋಗ ನನಗೆ ತುಂಬ ಇಷ್ಟ, ಯಾಕೆಂದರೆ ಅದು ಹಾಬ್ಸ್‌ನನ್ನೇ ಕೂರಿಸಿ ಪ್ರಶ್ನೆ ಕೇಳಿದ ಹಾಗಿದೆ.

ವಿದ್ಯಾರ್ಥಿನಿಯರನ್ನು ಒಬ್ಬೊಬ್ಬರನ್ನಾಗಿ ಕರೆದು ಟಿವಿ ಪರದೆಯ ಮುಂದೆ ಕೂರಿಸಿದರು. ಅದರಲ್ಲಿ ಎಲೇನ್ ಎಂಬ ಹುಡುಗಿಗೆ ಕರೆಂಟ್ ಶಾಕ್ ಕೊಡುತ್ತಿರುವಂತೆ ಕಾಣುತ್ತಿತ್ತು. ಒಟ್ಟು ಹತ್ತು ಸುತ್ತು. ಅವಳು ನರಳುತ್ತಿದ್ದಾಳೆ. ಅದೆಲ್ಲ ನಟನೆ, ಮೊದಲೇ ಚಿತ್ರೀಕರಿಸಿಟ್ಟಿದ್ದು. ನೋಡುವವರಿಗೆ ಅದು ಗೊತ್ತಿಲ್ಲ. ಎರಡು ಸುತ್ತಾದ ಮೇಲೆ, ಅವಳ ಜಾಗದಲ್ಲಿ ನೀನು ಕೂರುತ್ತೀಯಾ ಎಂದು ಕೇಳುತ್ತಿದ್ದರು. ಇಲ್ಲಿ ಒಂದು ಉಪಾಯ ಇದೆ. ಅರ್ಧ ಜನಕ್ಕೆ, ಬೇಡ ಅಂದರೆ ಎದ್ದು ಮನೆಗೆ ಹೋಗಬಹುದು, ಇನ್ನು ನೋಡಬೇಕಾಗಿಲ್ಲ ಎಂದಿದ್ದರು. ಉಳಿದ ಅರ್ಧಕ್ಕೆ, ಬೇಡ ಅಂದರೂ ಹತ್ತೂ ಸುತ್ತು ಕೂತು ನೋಡಲೇಬೇಕು ಎಂದಿದ್ದರು.

ಲೆಕ್ಕ ಅರ್ಥವಾಯಿತಾ? ನಾನು ನೆರವು ಕೊಡುವುದು ನನ್ನ ಸಂಕಟ ಕಳೆಯಲು ಮಾತ್ರ ಎಂದಾದರೆ, ಎದ್ದು ಹೋಗುವ ದಾರಿ ತೆರೆದಿದ್ದಾಗ ನಾನು ಹೋಗಿಬಿಡಬೇಕು. ಕಣ್ಣಿಂದ ಮರೆಯಾದರೆ ಸಂಕಟವೂ ಹೋಯಿತು. ಶಾಕ್ ಹೊಡೆಸಿಕೊಳ್ಳುವುದಕ್ಕಿಂತ ಅದು ಎಷ್ಟೋ ಸಲೀಸು. ಎಲೇನಳ ಅಭಿರುಚಿ ತಮ್ಮಂತೆಯೇ ಎಂದು ಅರ್ಧ ಜನರನ್ನೂ, ತಮ್ಮಂತಲ್ಲ ಎಂದು ಉಳಿದ ಅರ್ಧವನ್ನೂ ಮೊದಲೇ ನಂಬಿಸಿದ್ದರು. ತಮ್ಮಂತಲ್ಲ ಎಂದು ನಂಬಿದ್ದವರು, ಅಂದರೆ ಅವಳ ಮೇಲೆ ಅಷ್ಟಾಗಿ ಮನಸ್ಸು ಹೋಗದವರು, ಹಾಗೇ ಮಾಡಿದರು. ಹೋಗಲು ದಾರಿಯಿದ್ದಾಗ ಅವರಲ್ಲಿ ಶೇ 18ರಷ್ಟು ಮಂದಿ ಮಾತ್ರ ನೆರವಿಗೆ ನಿಂತರು. ದಾರಿ ಇಲ್ಲದಾಗ ಶೇ 64. ಆದರೆ ಅವಳ ಅಭಿರುಚಿ ತಮ್ಮಂತೆಯೇ ಎಂದು ನಂಬಿ, ಅವಳ ಬಗ್ಗೆ ಮರುಗಿದವರಲ್ಲಿ ಹೋಗಲು ದಾರಿಯಿದ್ದಾಗಲೂ ಶೇ 91 ಮಂದಿ ಶಾಕ್ ತಮಗಿರಲಿ ಎಂದರು. ಒಂದೊಂದು ಗುಂಪಿನಲ್ಲಿ ಇದ್ದದ್ದು 11 ಜನ. ಚಿಕ್ಕ ಪ್ರಯೋಗವೇ. ಆದರೆ ಬಾಗಿಲು ತೆರೆದಿದ್ದರೂ ಅವರು ಎದ್ದು ಹೋಗಲಿಲ್ಲ ಅನ್ನುವುದು ಹಾಬ್ಸ್‌ನ ವಿವರಣೆಗೆ ಹೊಂದುವುದಿಲ್ಲ.

ಗೆಳೆಯ ಸುಮ್ಮನಿರುತ್ತಾನಾ? "ಮನೆಗೆ ಹೋದರೂ ಅಪರಾಧಿ ಭಾವ ಕಾಡುತ್ತೆ. ಅಥವಾ ನೆರವಾದೆ ಅನ್ನೋ ಹೆಮ್ಮೆ ಬೇಕು." ಬ್ಯಾಟ್ಸನ್ ಅದಕ್ಕೂ ಒಂದು ಪರೀಕ್ಷೆ ಮಾಡಿದ. ಅದರ ಫಲ 1988ರಲ್ಲಿ ಬಂತು. ಇನ್ನೊಬ್ಬರಿಗೆ ನೆರವಾಗುವ ಅವಕಾಶ ನಿನಗಿದೆ ಎಂದು ಮೊದಲು ಹೇಳಿದರು. ಆಮೇಲೆ ಕೆಲವರಿಗೆ, ನೀನೇನೂ ಮಾಡಬೇಕಾಗಿಲ್ಲ, ಅವರ ಕಷ್ಟ ತಾನಾಗಿಯೇ ತಪ್ಪಿತು ಎಂದರು. ಹೆಮ್ಮೆಗಾಗಿ ನೆರವಾಗುವವರಾದರೆ ಅವಕಾಶ ಕೈತಪ್ಪಿತಲ್ಲ ಎಂದು ಬೇಸರವಾಗಬೇಕು. ನಿಜವಾಗಿ ಮರುಗಿದವರ ಮನಸ್ಸು ಮಾತ್ರ, ಕಷ್ಟ ತಪ್ಪಿಸಿದ್ದು ತಾವಾದರೂ ಸರಿ, ಬೇರೆ ಯಾವುದರಿಂದಲಾದರೂ ಸರಿ, ಅಷ್ಟೇ ಹಗುರವಾಯಿತು.

ಇದನ್ನು ಓದಿದ ದಿನ ನನಗೆ ಮೇಷ್ಟ್ರ ಮನೆಯ ಬಾಗಿಲು ನೆನಪಾಯಿತು. ಅಲ್ಲಿ ನಡೆದದ್ದು ಇದೇ ಪರೀಕ್ಷೆ. ನಾನು ಪೂರ್ತಿ ಪಾಸಾಗಲಿಲ್ಲ.

ಪೂರ್ತಿ ಎಂಬ ಮಾತು ಬೇಕೆಂದೇ ಹಾಕಿದ್ದೇನೆ. 2007ರಲ್ಲಿ ಅಮೆರಿಕದಲ್ಲಿ ಮೂವರು ಸಂಶೋಧಕರು 19 ಮಹಿಳೆಯರಿಗೆ ತಲಾ 100 ಡಾಲರ್ ಕೊಟ್ಟು, ಮೆದುಳಿನ ಸ್ಕ್ಯಾನ್ ಮಾಡುತ್ತ ಆ ದುಡ್ಡಿನ ಚೂರುಪಾರನ್ನು ಹಸಿದವರಿಗೆ ಆಹಾರ ಕೊಡುವ ಸಂಸ್ಥೆಗೆ ಕಳಿಸಿದರು. ಕೆಲವು ಸಲ ತೆರಿಗೆಯ ಹಾಗೆ, ಕೇಳದೆಯೇ. ಕೆಲವು ಸಲ ಅವರ ಇಷ್ಟ ಕೇಳಿ. ಕೇಳದೆ ಕಿತ್ತುಕೊಂಡಾಗಲೂ, ನಮಗೆ ಏನಾದರೂ ಒಳ್ಳೇದು ಸಿಕ್ಕಾಗ ಚುರುಕಾಗುವ ಮೆದುಳಿನ ಭಾಗಗಳು ಚುರುಕಾದವು. ತಾವೇ ಕೊಟ್ಟಾಗ ಇನ್ನಷ್ಟು ಚುರುಕಾದವು. ಮೊದಲಿನದು 'ಅವರಿಗೆ ಸಿಕ್ಕಿತಲ್ಲ' ಎಂಬ ಸಂತೋಷ. ಮೇಲಿನ ಆ ಇನ್ನಷ್ಟು 'ನಾನು ಕೊಟ್ಟೆನಲ್ಲ' ಎಂಬುದು. ಎರಡೂ ಒಂದೇ ತಲೆಯಲ್ಲಿ, ಒಂದೇ ಹೊತ್ತಿನಲ್ಲಿ. ಎರಡನೆಯದು ಇದೆ ಎಂದ ಮಾತ್ರಕ್ಕೆ ಮೊದಲನೆಯದು ಸುಳ್ಳಾಗುವುದಿಲ್ಲ.

ಚಿಕ್ಕ ಮಕ್ಕಳಲ್ಲೂ ಇದರ ಬೇರು ಕಾಣುತ್ತದೆ. 2006ರಲ್ಲಿ ವಾರ್ನೆಕನ್ ಮತ್ತು ಟೊಮಾಸೆಲ್ಲೊ ಎಂಬ ಮನಶ್ಶಾಸ್ತ್ರಜ್ಞರು ಒಂದೂವರೆ ವರ್ಷದ ಮಕ್ಕಳ ಮುಂದೆ ವಸ್ತು ಕೆಡವಿ ಎಟುಕದ ಹಾಗೆ ನಟಿಸಿದಾಗ, ಹೊಗಳಿಕೆ ಬಹುಮಾನ ಏನೂ ಇಲ್ಲದೆ ಬಹುಪಾಲು ಮಕ್ಕಳು ಒಮ್ಮೆಯಾದರೂ ನೆರವಿಗೆ ಬಂದವು. ಎರಡು ವರ್ಷದ ನಂತರ ಅವರೇ ಇನ್ನೊಂದು ಗಮನಿಸಿದರು. ಪ್ರತಿ ಸಲ ಆಟಿಕೆಯ ಬಹುಮಾನ ಪಡೆದ ಮಕ್ಕಳು, ಬಹುಮಾನ ನಿಲ್ಲಿಸಿದ ಮೇಲೆ ನೆರವಾಗುವುದನ್ನೂ ಕಡಿಮೆ ಮಾಡಿದರು. ಅಪ್ಪ ಅಮ್ಮಂದಿರು ಇದನ್ನು ಮನೆಗೆ ಒಯ್ಯಬಹುದು.

ಇಷ್ಟು ಹೇಳಿ ಹೂವಿನ ಹಾರ ಹಾಕಿ ಮುಗಿಸಿದರೆ ಮೋಸವಾಗುತ್ತದೆ. ಇನ್ನೊಬ್ಬರಿಗಾಗಿ ನಿಜವಾಗಿ ಮಿಡಿಯುವುದು ಸಾಧ್ಯ ಎಂದೆ. ಅದು ಯಾವಾಗಲೂ ಒಳ್ಳೇದು ಎಂದು ಹೇಳಲಿಲ್ಲ. 1995ರಲ್ಲಿ ಬ್ಯಾಟ್ಸನ್ನೇ ಮಾಡಿದ ಇನ್ನೊಂದು ಪ್ರಯೋಗದಲ್ಲಿ, ಚಿಕಿತ್ಸೆಗಾಗಿ ಸರದಿಯಲ್ಲಿ ಕಾಯುತ್ತಿರುವ ಒಂದು ಕಾಯಿಲೆಯ ಹುಡುಗಿಯ ಕಥೆ ಕೇಳಿಸಿ, ಅವಳನ್ನು ಮುಂದಕ್ಕೆ ಹಾಕಬೇಕಾ ಎಂದು ಕೇಳಿದರು. ಹಾಕಿದರೆ ಅವಳಿಗಿಂತ ಹೆಚ್ಚು ತುರ್ತು ಇರುವ ಬೇರೆ ಮಕ್ಕಳು ಹಿಂದೆ ಬೀಳುತ್ತಾರೆ. ತಟಸ್ಥವಾಗಿ ಕೇಳಿಸಿಕೊಂಡವರಲ್ಲಿ ಶೇ 33 ಮಂದಿ ಮುಂದೆ ಹಾಕಿದರು. ಅವಳ ನೋವನ್ನು ಕಲ್ಪಿಸಿಕೊಂಡು ಕೇಳಿದವರಲ್ಲಿ ಶೇ 73. ಅವರಿಗೆ ಒಂದು ಕಾಸಿನ ಲಾಭ ಇರಲಿಲ್ಲ. ಮುಖ ಕಾಣದ ಮಕ್ಕಳಿಗೆ ಅನ್ಯಾಯವಂತೂ ಆಯಿತು.

ಹಾಗಾದರೆ ಮಿಡಿತ ಬಿಟ್ಟು ಬರೀ ಕರ್ತವ್ಯದಿಂದ ಮಾಡೋಣವೇ? ಜರ್ಮನಿಯ ತತ್ತ್ವಶಾಸ್ತ್ರಜ್ಞ ಕಾಂಟ್ 1785ರಲ್ಲಿ, ಯಾರ ನೋವಿಗೂ ಮನಸ್ಸು ಅಲುಗದಂಥ ಸ್ಥಿತಿಯಲ್ಲೂ ಕರ್ತವ್ಯವೆಂದು ನೆರವಾಗುವವನ ಕೆಲಸಕ್ಕೇ ನಿಜವಾದ ನೈತಿಕ ಬೆಲೆ ಎಂದು ಬರೆದ. ಅಲ್ಲಿ ಖುಷಿಯ ಕಲಬೆರಕೆ ಇಲ್ಲವಲ್ಲ. ನನಗೆ ಇದು ಅರ್ಧ ಮಾತ್ರ ಒಪ್ಪಿಗೆ. ನೀವು ಆಸ್ಪತ್ರೆಯಲ್ಲಿ ಮಲಗಿದ್ದೀರಿ, ಗೆಳತಿ ಬಂದು ಕೂತಿದ್ದಾಳೆ, ನಿಮಗೆ ಮನಸ್ಸು ತುಂಬಿ ಬಂದಿದೆ. ಆಗ ಅವಳು, "ನಿನ್ನ ಮೇಲೆ ಪ್ರೀತಿಯಿಂದ ಅಲ್ಲ, ಬರೋದು ಕರ್ತವ್ಯ ಅಂತ ಬಂದೆ" ಅಂದರೆ ಹೇಗಾಗುತ್ತದೆ? ಮೈಕೆಲ್ ಸ್ಟಾಕರ್ ಎಂಬ ತತ್ತ್ವಶಾಸ್ತ್ರಜ್ಞ 1976ರಲ್ಲಿ ಇಂಥದೇ ಸನ್ನಿವೇಶ ಮುಂದಿಟ್ಟಿದ್ದ. ನಮಗೆ ಬೇಕಾಗಿರುವುದು ನಮ್ಮ ಹತ್ತಿರ ಕೂರಲು ಇಷ್ಟಪಡುವವರು. ಕೂತಾಗ ಖುಷಿಪಡುವವರು. ಅವರ ಖುಷಿಯೇ ನಮಗೆ ಕೊಟ್ಟ ಉಡುಗೊರೆ. ಅದನ್ನೇ ಸ್ವಾರ್ಥದ ಸಾಕ್ಷಿ ಎಂದು ಹಿಡಿದು ನಿಲ್ಲಿಸುವುದು ನನಗಂತೂ ವಿಚಿತ್ರವಾಗಿ ಕಾಣುತ್ತದೆ.

ಮೇಷ್ಟ್ರ ವಿಷಯ ಏನಾಯಿತು ಎಂದು ಕೇಳುತ್ತೀರಿ. ಆ ದಿನ ನಾನು ಬಾಗಿಲಿಂದಲೇ ವಾಪಸ್ ಬಂದೆ. ಹೌದು, ಒಳಗೂ ಹೋಗಲಿಲ್ಲ. ಮುಂದಿನ ಭಾನುವಾರ ಹೋದೆ. ಹುಡುಗಿ ಓದಿದಳು, ನಾನು ಮೂಲೆಯಲ್ಲಿ ಕೂತು ಕೇಳಿದೆ. ಮೊದಲ ಅರ್ಧ ಗಂಟೆ ಕಷ್ಟವಾಯಿತು. ಅವಳು ಎಲ್ಲಿ ತಡವರಿಸುತ್ತಾಳೆ ಎಂದೇ ಕಿವಿ ಕಾಯುತ್ತಿತ್ತು. ಆಮೇಲೆ ಕಥೆ ಹಿಡಿದುಕೊಂಡಿತು. ಒಂದು ಕಡೆ ಮೇಷ್ಟ್ರು ಜೋರಾಗಿ ನಕ್ಕರು, ನಾನೂ ನಕ್ಕೆ. ಓದುತ್ತಿರುವುದು ಯಾರು ಎಂಬುದು ಆಗ ತಲೆಯಲ್ಲಿರಲಿಲ್ಲ.

ಹೊರಡುವಾಗ ಮೇಷ್ಟ್ರು, "ಮುಂದಿನ ವಾರ ನೀನೇ ಓದಬೇಕು, ಅವಳಿಗೆ ಪರೀಕ್ಷೆ ಇದೆಯಂತೆ" ಅಂದರು. ನನಗೆ ಎಷ್ಟು ಖುಷಿಯಾಯಿತು ಎಂದು ಇಷ್ಟು ಜನರ ಮುಂದೆ ಹೇಳಲು ಸ್ವಲ್ಪ ನಾಚಿಕೆಯಾಗುತ್ತದೆ.